ಗಡಿ ದಾಟುವ ಲಾರಿಯೂ ಗಡಿಯಲ್ಲಿ ನಿಲ್ಲುವ ಪಿಸ್ತೂಲೂ

ಸಮಾಸಗಳ ವಿಷಯವಾಗಿ ಈ ತಿಂಗಳು ಬರೆಯುವೆವೆಂದು ಹಿಂದಿನ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆವು. ಆ ಮಾತನ್ನು ನಡೆಸಿಕೊಡಲಾಗದುದಕ್ಕೆ ವಾಚಕ ಮಹಾಶಯರ ಕ್ಷಮೆಯನ್ನು ಬೇಡುತ್ತೇವೆ. ಕಾರಣವಿಷ್ಟೆ: ನಮ್ಮ ಬೀದಿಯ ಕೊನೆಯ ಮನೆಯ ಹಿರಿಯ ತಾಯಿಯೊಬ್ಬರು ಒಂದು ದಿನ ಬೆಳಗಾಗುತ್ತಲೇ ಬಂದು ನಮ್ಮ ಜಗುಲಿಯ ಮೇಲೆ ಕುಳಿತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಮೇಷ್ಟ್ರೇ, ನಮ್ಮ ಹುಡುಗ ಪಿಸ್ತೂಲು ತಗೋತೀನಿ ಅಂತಿದಾನೆ. ತಗೊಂಡ್ರೆ ಪೋಲೀಸಿನವರು ಹಿಡೀತಾರೋ, ತಗೊಳ್ಳದೇ ಇದ್ರೆ ಕಳ್ಳರು ಹೊಡೀತಾರೋ, ನನಗೊಂದೂ ತಿಳೀದು. ನೀವು ಓದಿದವರು, ಸ್ವಲ್ಪ ನೋಡಿ ಹೇಳಿ” ಎಂದು ಕೇಳಿದರು.

ಹುಡುಗನೆಂದರೆ ಈಗ ಮೂವತ್ತೈದು ದಾಟಿದ ಗೃಹಸ್ಥ. ನಮ್ಮಲ್ಲಿಯೇ ಶಬ್ದರೂಪಗಳನ್ನು ಕಲಿತವನು. ಕಲಿತವನು ಎನ್ನುವುದಕ್ಕಿಂತ ಕಲಿಸಿಕೊಂಡವನು ಎಂದರೆ ಸರಿಯಾದೀತು. ದ್ವಿವಚನ ಬಂದಾಗಲೆಲ್ಲ ಅವನು ಕಿಟಕಿಯಾಚೆ ಹೋಗುವ ಲಾರಿಗಳನ್ನು ಎಣಿಸುತ್ತ ಕೂಡುತ್ತಿದ್ದನು. ಮುಂದೆ ಓದಿ, ಅಮೆರಿಕೆಗೆ ಹೋಗಿ, ಕಂಪ್ಯೂಟರಿನ ಉದ್ಯೋಗವನ್ನು ಹಿಡಿದು, ಅದು ಕೈಬಿಟ್ಟ ಮೇಲೆ ಲಾರಿ ನಡೆಸುವ ವೃತ್ತಿಗೆ ಇಳಿದನು. ಪಂಜಾಬಿನವರು ಬಹುಮಂದಿ ಆ ದೇಶದಲ್ಲಿ ಈ ವೃತ್ತಿಯಲ್ಲಿದ್ದಾರೆ; ಅಂಥ ಸ್ನೇಹಿತನೊಬ್ಬನು ದಾರಿ ತೋರಿಸಿದನಂತೆ. ಸುದ್ದಿ ಕೇಳಿ ಊರಿನಲ್ಲಿ ಕೆಲವರು ಮೂಗು ಮುರಿದರು. ನಮಗೇನೋ ಸಂತೋಷವೇ ಆಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಎಣಿಸಿದುದನ್ನು ಮೂವತ್ತರಲ್ಲಿ ಏರಿ ಕುಳಿತವನ ಬಗ್ಗೆ ಮರುಕಪಡುವುದಕ್ಕೆ ಏನಿದೆ?

ನಾವು ವಕೀಲರಲ್ಲ. ಮೊಮ್ಮಗಳ ಸಹಾಯದಿಂದ ಆ ದೇಶದ ಶಾಸನಗಳ ಪಾಠವನ್ನು ತರಿಸಿಕೊಂಡು, ಸೂತ್ರವನ್ನೋದುವ ಅಭ್ಯಾಸದಂತೆ ಪದಪದವಾಗಿ ಬಿಡಿಸಿ ಒಂದು ತಿಂಗಳು ಓದಿದೆವು. ಹುಡುಗನೊಡನೆಯೂ ಎರಡು ಮೂರು ಸಲ ಟೆಲಿಫೋನಿನಲ್ಲಿ ಮಾತಾಡಿದೆವು. ತಿಳಿದಷ್ಟನ್ನು ಇಲ್ಲಿ ಹೇಳುತ್ತೇವೆ. ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿದ ಮನೆಗಳು ಈ ಪತ್ರಿಕೆಯ ವಾಚಕರಲ್ಲಿ ಕಡಮೆಯಿಲ್ಲವೆಂಬುದನ್ನು ನಾವು ಬಲ್ಲೆವು.

ಮೊದಲು ನಮ್ಮ ನೆನಪಿಗೆ ಬಂದದ್ದು ಅಮೆರಿಕೆಯಲ್ಲ, ಮೈಸೂರು. ಅಲ್ಲಿನ ಪ್ರಾಚ್ಯ ಪುಸ್ತಕಾಲಯದಲ್ಲಿ ೧೯೦೫ರಲ್ಲಿ ಶ್ರೀ ಆರ್. ಶಾಮಶಾಸ್ತ್ರಿಗಳವರ ಕೈಗೆ ಒಂದು ತಾಳೆಯೋಲೆಯ ಕಟ್ಟು ಸಿಕ್ಕಿತು. ಅದು ಕೌಟಿಲ್ಯನ ಅರ್ಥಶಾಸ್ತ್ರ. ೧೯೦೯ರಲ್ಲಿ ಅದನ್ನು ಅವರು ಅಚ್ಚು ಹಾಕಿಸಿದರು. ಅದರ ಐದನೆಯ ಅಧಿಕರಣದಲ್ಲಿ, ಸೇವಕರ ಸಂಬಳಸಾರಿಗೆಗಳ ಮಾತಿನ ನಡುವೆ, ಆಯುಧಗಳ ವಿಷಯವಾಗಿ ಒಂದೆರಡು ಚಿಕ್ಕ ವಾಕ್ಯಗಳಿವೆ. ಮುದ್ರೆಯ ಅನುಜ್ಞೆಯಿಲ್ಲದವರು ಆಯುಧ ಹಿಡಿದು ತಿರುಗಕೂಡದು. ಸಾರ್ಥದವರು, ಎಂದರೆ ಸರಕು ಸಾಗಿಸುವ ತಂಡದವರು, ಆಯುಧಗಳೊಡನೆ ಗಡಿಗೆ ಬಂದರೆ ಅಂತಪಾಲನು ಅವನ್ನು ತೆಗೆದಿಟ್ಟುಕೊಳ್ಳಬೇಕು, ಮುದ್ರೆಯುಳ್ಳವರನ್ನು ಬಿಡಬೇಕು ಎಂಬುದು ಅವುಗಳ ತಾತ್ಪರ್ಯ. ಅಂತಪಾಲನೆಂದರೆ ಗಡಿಯ ಅಧಿಕಾರಿ. ಮುದ್ರೆಯೆಂದರೆ ನಮ್ಮ ಹಿಂದಿನವರು ರಹದಾರಿ ಎನ್ನುತ್ತಿದ್ದ ಪತ್ರ. ಸರಕು ಸಾಗಿಸುವವನು, ಅವನ ಆಯುಧ, ಗಡಿ, ಪರವಾನಗಿ: ಆ ತಾಯಿ ನಮ್ಮ ಜಗುಲಿಯ ಮೇಲಿಟ್ಟ ಪ್ರಶ್ನೆಯ ನಾಲ್ಕು ಕಾಲುಗಳೂ ಅಲ್ಲಿವೆ. ಇನ್ನೊಂದು ಮಾತನ್ನೂ ಕೌಟಿಲ್ಯನು ಬೇರೊಂದೆಡೆ ಹೇಳುತ್ತಾನೆ. ಅಂತಪಾಲನು ದಾರಿಯ ಸುಂಕವನ್ನು ವಸೂಲುಮಾಡುವವನಾದ್ದರಿಂದ, ದಾರಿಯಲ್ಲಿ ಕಳೆದುದನ್ನೂ ಕಳುವಾದುದನ್ನೂ ಅವನೇ ತುಂಬಿಕೊಡಬೇಕು. ಆಯುಧವನ್ನು ಕಿತ್ತುಕೊಂಡ ರಾಜ್ಯವು ರಕ್ಷಣೆಯ ಹೊರೆಯನ್ನು ತಾನು ಹೊರುತ್ತದೆ. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಇನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವಿಷಯ. ನಮ್ಮ ಹಿರಿಯರು ಆ ದೇಶಕ್ಕೆ ಇಟ್ಟ ಈ ಹೆಸರು ಸಾರ್ಥಕವಾದದ್ದು. ಐವತ್ತು ಸಂಸ್ಥಾನಗಳು ಒಕ್ಕೂಟಕ್ಕೆ ಸೇರಿದುವೇ ಹೊರತು ತಮ್ಮ ತಮ್ಮ ದಂಡನೀತಿಯನ್ನು ಒಪ್ಪಿಸಿಬಿಡಲಿಲ್ಲ. ೧೭೯೧ರಲ್ಲಿ ಆದ ಎರಡನೆಯ ತಿದ್ದುಪಡಿಯು ಪ್ರಜೆಗಳಿಗೆ ಆಯುಧ ಹೊಂದುವ ಹಕ್ಕಿದೆಯೆಂದು ಹೇಳುತ್ತದೆ. ಆದರೆ ಅದನ್ನು ಹೊತ್ತು ತಿರುಗುವ ಬಗೆಯನ್ನು ಆಯಾ ಸಂಸ್ಥಾನವೇ ನಿಯಮಿಸಿಕೊಂಡು ಬಂದಿದೆ. ನ್ಯೂಯಾರ್ಕ್ ಸಂಸ್ಥಾನವು ೧೯೧೧ರಷ್ಟು ಹಿಂದೆಯೇ ಪಿಸ್ತೂಲಿಗೆ ಕಟ್ಟುನಿಟ್ಟಿನ ಲೈಸೆನ್ಸನ್ನು ವಿಧಿಸಿತು. ‘ವಿಶೇಷ ಕಾರಣ’ವನ್ನು ತೋರಿಸಿದವರಿಗೆ ಮಾತ್ರ ಹೊತ್ತು ತಿರುಗುವ ಅನುಮತಿಯೆಂಬ ಅದರ ಷರತ್ತನ್ನು ೨೦೨೨ರ ಜೂನ್ ತಿಂಗಳಲ್ಲಿ ಆ ದೇಶದ ಉಚ್ಚತಮ ನ್ಯಾಯಸ್ಥಾನವು ತಳ್ಳಿಹಾಕಿತು. ಲೈಸೆನ್ಸು ಬೇಕೆಂಬುದನ್ನು ಮಾತ್ರ ತಳ್ಳಿಹಾಕಲಿಲ್ಲ. ಇತ್ತ ವರ್ಮಾಂಟ್ ಸಂಸ್ಥಾನವು ಇಂಥ ಪರವಾನಗಿಯನ್ನು ಎಂದೂ ಕೇಳಿದುದೇ ಇಲ್ಲ. ೨೦೨೪ರ ಹೊತ್ತಿಗೆ ಪರವಾನಗಿಯಿಲ್ಲದೆಯೇ ಪಿಸ್ತೂಲನ್ನು ಮರೆಯಾಗಿ ಇಟ್ಟುಕೊಂಡು ತಿರುಗಗೊಡುವ ಸಂಸ್ಥಾನಗಳು ಇಪ್ಪತ್ತೊಂಬತ್ತಾಗಿದ್ದುವು.

ನಮಗೆ ಇದು ತೀರ ಅಪರಿಚಿತವಲ್ಲ. ಕೋವಿಯನ್ನು ಮನೆದೇವರಂತೆ ಪೂಜಿಸುವ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಆಯುಧ ಶಾಸನದ ಲೈಸೆನ್ಸಿನಿಂದ ವಿನಾಯಿತಿಯುಂಟು. ೨೦೧೯ರಲ್ಲಿ ಅದನ್ನು ಕೇಂದ್ರ ಸರ್ಕಾರವು ೨೦೨೯ರವರೆಗೆ ಮುಂದುವರಿಸಿತು. ಉಳಿದವರ ಲೈಸೆನ್ಸಿನಲ್ಲಿ ಅದು ಎಲ್ಲಿಯವರೆಗೆ ಸಲ್ಲುತ್ತದೆಂಬುದನ್ನು ಬರೆದಿರುತ್ತಾರೆ. ಆದರೆ ನಮ್ಮ ಆಯುಧ ಶಾಸನವು ದೇಶಕ್ಕೆಲ್ಲ ಒಂದು. ಅಲ್ಲಿ ಅದು ಹಾಗಲ್ಲ.

ಲಾರಿಯವನಿಗೆ ಪಿಸ್ತೂಲಿನ ಯೋಚನೆ ಯಾಕೆ ಬರುತ್ತದೆ? ನಮ್ಮ ಲಾರಿಗಳಲ್ಲಿ ಡ್ರೈವರನ ಜೊತೆಗೆ ಕ್ಲೀನರ್ ಹುಡುಗನೊಬ್ಬನಿರುತ್ತಾನೆ. ಒಬ್ಬನು ನಿದ್ದೆಮಾಡಿದರೆ ಮತ್ತೊಬ್ಬನಿಗೆ ಎಚ್ಚರ. ಅಲ್ಲಿ ಸಾಮಾನ್ಯವಾಗಿ ಒಬ್ಬನೇ. ಸರಕು ಸೇರಿ ಎಂಬತ್ತು ಸಾವಿರ ಪೌಂಡಿನ, ಎಂದರೆ ಸುಮಾರು ಮೂವತ್ತಾರು ಟನ್ನಿನ ಗಾಡಿಗೆ ಒಂಟಿ ಜೀವ. ಆಸನದ ಹಿಂದೆಯೇ ಹಾಸಿಗೆ. ವಾರಗಟ್ಟಲೆ ಅದೇ ಮನೆ. ಒಕ್ಕೂಟ ಸರ್ಕಾರದ ನಿಯಮದಂತೆ ಕೆಲಸಕ್ಕೆ ಕುಳಿತ ಹದಿನಾಲ್ಕು ಗಂಟೆಗಳೊಳಗೆ ಹನ್ನೊಂದು ಗಂಟೆ ಮಾತ್ರ ಗಾಡಿ ನಡೆಸಬಹುದು. ಅನಂತರ ಹತ್ತು ಗಂಟೆ ವಿಶ್ರಾಂತಿಯನ್ನು ತೆಗೆದುಕೊಳ್ಳಲೇಬೇಕು. ೨೦೧೭ರ ಡಿಸೆಂಬರಿನಿಂದ ಈ ಲೆಕ್ಕವನ್ನು ಗಾಡಿಯಲ್ಲಿ ಕೂಡಿಸಿದ ಯಂತ್ರವೇ ಬರೆಯುತ್ತದೆ. ಡ್ರೈವರರ ಹಿತಕ್ಕಾಗಿಯೇ ಮಾಡಿದ ನಿಯಮ, ಸಂದೇಹವಿಲ್ಲ. ಆದರೆ ಗಂಟೆ ಮುಗಿದಲ್ಲಿ ಲಾರಿ ನಿಲ್ಲಿಸುವ ಜಾಗವಿರಬೇಕಲ್ಲ! ಸಂಜೆಯಾಗುವುದರೊಳಗಾಗಿ ತಂಗುದಾಣಗಳು ತುಂಬಿಹೋಗುತ್ತವೆ. ತಡವಾಗಿ ಬಂದವನು ಹೆದ್ದಾರಿಯಿಂದ ಇಳಿಯುವ ಕವಲಿನ ಅಂಚಿನಲ್ಲೋ ಪಾಳುಬಿದ್ದ ಅಂಗಡಿಯ ಮುಂದೋ ನಿಲ್ಲಿಸಿ ಮಲಗುತ್ತಾನೆ.

೨೦೦೯ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ಸಂಸ್ಥಾನದ ಒಬ್ಬ ಡ್ರೈವರನು ಸೌತ್ ಕೆರೊಲಿನಾದಲ್ಲಿ ಸರಕು ಇಳಿಸಬೇಕಾದ ಹೊತ್ತಿಗೆ ಮುಂಚೆಯೇ ಹತ್ತಿರ ತಲಪಿದನು. ಕಾಯುವುದಕ್ಕೆ ಬೇರೆ ಜಾಗ ಸಿಕ್ಕಲಿಲ್ಲ. ಮುಚ್ಚಿಹೋಗಿದ್ದ ಒಂದು ಪೆಟ್ರೋಲ್ ಬಂಕಿನ ಆವರಣದಲ್ಲಿ ಲಾರಿಯನ್ನು ನಿಲ್ಲಿಸಿದನು. ಅಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ದೋಚಿದವನಿಗೆ ಸಿಕ್ಕಿದುದು ಏಳು ಡಾಲರು. ಅವನ ಹೆಂಡತಿ ಆಗ ತುಂಬು ಗರ್ಭಿಣಿ. ಕೆಲವೇ ದಿನಗಳಲ್ಲಿ ಅವಳಿಮಕ್ಕಳು ಹುಟ್ಟಿದುವು. ಆ ಹೆಣ್ಣುಮಗಳು ಎರಡು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಶಾಸನಸಭೆಯ ಬಾಗಿಲನ್ನು ತಟ್ಟಿದಳು. ಅವಳು ಕೇಳಿದುದು ಲಾರಿಗಳು ನಿಲ್ಲುವುದಕ್ಕೆ ಜಾಗ. ೨೦೧೨ರಲ್ಲಿ, ಸತ್ತವನ ಹೆಸರಿನಿಂದ ‘ಜೇಸನ್ ನಿಯಮ’ವೆಂದು ಕರೆಯಲ್ಪಡುವ ಶಾಸನವಾಯಿತು. ಲಾರಿ ತಂಗುದಾಣಗಳಿಗೆ ಒಕ್ಕೂಟದ ಹಣವನ್ನು ಬಳಸಬಹುದೆಂದೂ, ಯಾವ ಯಾವ ಸಂಸ್ಥಾನದಲ್ಲಿ ಜಾಗದ ಕೊರತೆಯೆಷ್ಟೆಂದು ಪರಿಶೀಲಿಸಬೇಕೆಂದೂ ಅದು ವಿಧಿಸಿತು. ೨೦೧೫ರಲ್ಲಿ ಪರಿಶೀಲನೆಯ ವರದಿ ಬಂತು. ಕೊರತೆ ದೇಶದ ಉದ್ದಗಲಕ್ಕೂ ಇದೆಯೆಂದು ತಿಳಿಯಿತು.

ನಮ್ಮ ಶಿಷ್ಯನಿಗೂ ಒಂದು ರಾತ್ರಿ ಅಂಥ ಅನುಭವವಾಯಿತು. ಕವಲಿನಂಚಿನಲ್ಲಿ ನಿಲ್ಲಿಸಿ ಮಲಗಿದ್ದಾಗ ಎರಡು ಗಂಟೆಯ ಸುಮಾರಿಗೆ ಯಾರೋ ಬಾಗಿಲಿನ ಹಿಡಿಯನ್ನು ಎಳೆದರಂತೆ; ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಎಳೆದರಂತೆ. ಅವನು ದೀಪ ಹಚ್ಚಿ ಹಾರನ್ ಒತ್ತಿದ ಮೇಲೆ ಹೆಜ್ಜೆಯ ಸಪ್ಪಳ ದೂರವಾಯಿತು. ಇದನ್ನು ತಾಯಿಗೆ ಪೂರ್ತಿಯಾಗಿ ಹೇಳಿಲ್ಲ. “ಕೈಯಲ್ಲಿ ಏನಿತ್ತಪ್ಪಾ?” ಎಂದು ಕೇಳಿದೆವು. “ಟೈರು ಬಡಿಯೋ ಕೋಲು, ಮೇಷ್ಟ್ರೇ” ಎಂದನು. ಜೋಡಿಚಕ್ರಗಳಲ್ಲಿ ಗಾಳಿ ಇದೆಯೆ ಇಲ್ಲವೆ ಎಂದು ಬಡಿದು ಸಪ್ಪಳದಿಂದ ತಿಳಿಯುವ ಮರದ ಕೋಲು ಅದು. ನಮ್ಮ ಲಾರಿಯವರು ಕಬ್ಬಿಣದ ಸಲಾಕಿಯಿಂದ ಮಾಡುವ ಕೆಲಸವೇ. ಅಂದಿನಿಂದ ಅವನಿಗೆ ಪಿಸ್ತೂಲಿನ ಧ್ಯಾನ ಹತ್ತಿತು.

ಲಾರಿ ಡ್ರೈವರು ಪಿಸ್ತೂಲು ಇಟ್ಟುಕೊಳ್ಳುವುದನ್ನು ಒಕ್ಕೂಟ ಸರ್ಕಾರವೇ ನಿಷೇಧಿಸಿದೆಯೆಂಬ ಮಾತು ಡ್ರೈವರರಲ್ಲಿಯೇ ಬಾಯಿಂದ ಬಾಯಿಗೆ ಓಡಾಡುತ್ತದೆ. ಅದು ನಿಜವಲ್ಲ. ಸಾರಿಗೆ ನಿಯಮಗಳಲ್ಲಿ ಹಾಗೆ ಒಂದು ಸಾಮಾನ್ಯ ನಿಷೇಧವಿಲ್ಲ. ಇರುವುದು ಬೇರೆಯದೇ ಒಂದು ತೊಡಕು. ಅದನ್ನು ತಿಳಿಯಬೇಕಾದರೆ ೧೯೮೬ಕ್ಕೆ ಹೋಗಬೇಕು.

ಆ ವರ್ಷ ಅಮೆರಿಕೆಯ ಶಾಸನಸಭೆಯಲ್ಲಿ ಎರಡು ಕಾನೂನುಗಳಾದುವು. ಒಂದು ಭಾರೀ ವಾಹನಗಳ ಡ್ರೈವರರದು. ಅದಕ್ಕೆ ಮುಂಚೆ ಒಬ್ಬನೇ ಡ್ರೈವರನು ನಾಲ್ಕಾರು ಸಂಸ್ಥಾನಗಳ ಲೈಸೆನ್ಸುಗಳನ್ನಿಟ್ಟುಕೊಂಡು, ಒಂದು ಕೆಟ್ಟರೆ ಇನ್ನೊಂದನ್ನು ತೋರಿಸುತ್ತಿದ್ದನು. ಆ ಕಾನೂನು ಒಬ್ಬನಿಗೆ ಒಂದೇ ಲೈಸೆನ್ಸು ಎಂದು ಗೊತ್ತುಮಾಡಿತು. ೧೯೯೨ರ ಏಪ್ರಿಲಿನಿಂದ ಅದಿಲ್ಲದೆ ಯಾರೂ ಭಾರೀ ಲಾರಿಯನ್ನು ನಡೆಸುವಂತಿಲ್ಲವಾಯಿತು. ಇಂಡಿಯಾನಾದಲ್ಲಿ ಪಡೆದ ಆ ಚೀಟಿ ಕ್ಯಾಲಿಫೋರ್ನಿಯಾದಲ್ಲಿಯೂ ಸಲ್ಲುತ್ತದೆ. ಇನ್ನೊಂದು ಕಾನೂನು ಆಯುಧ ಹೊಂದಿದವರದು. ಅದರಲ್ಲಿ ಸಂಸ್ಥಾನದಿಂದ ಸಂಸ್ಥಾನಕ್ಕೆ ಆಯುಧ ಒಯ್ಯುವವನಿಗೆ ಒಂದು ಅಭಯವಿದೆ. ಆದರೆ ಆ ಅಭಯದ ರೂಪ ಎಂಥದೆಂದು ನೋಡಬೇಕು. ಮೂವತ್ತಾರು ಟನ್ನಿನ ಗಾಡಿಯ ಅನುಮತಿಯು ಗಡಿಗಳನ್ನೆಲ್ಲ ದಾಟಿ ಹೋಗುತ್ತದೆ; ಒಂದು ಕಿಲೋ ತೂಗದ ಪಿಸ್ತೂಲಿನ ಅನುಮತಿಯು ಮೊದಲ ಗಡಿಯಲ್ಲಿಯೇ ಕೆಳಗಿಳಿದುಬಿಡುತ್ತದೆ.

ಆ ಅಭಯವಾಕ್ಯವನ್ನು ಅನ್ವಯಿಸಿ ಓದಿದರೆ ಹೀಗೆ: ಆಯುಧ ಹೊಂದಲು ಅನರ್ಹನಲ್ಲದವನು, ಅದನ್ನು ಇಟ್ಟುಕೊಳ್ಳುವುದೂ ಹೊತ್ತು ತಿರುಗುವುದೂ ತನಗೆ ನ್ಯಾಯವಾಗಿರುವ ಸ್ಥಳದಿಂದ, ಅವೆರಡೂ ನ್ಯಾಯವಾಗಿರುವ ಮತ್ತೊಂದು ಸ್ಥಳಕ್ಕೆ ಸಾಗಿಸಬಹುದು, ಸಾಗಿಸುವಾಗ ಅದರಲ್ಲಿ ತೋಟಾ ತುಂಬಿರಕೂಡದು, ಆಯುಧವಾಗಲಿ ತೋಟಾಗಳಾಗಲಿ ಕುಳಿತವರ ಕೈಗೆ ಎಟುಕುವಂತಿರಕೂಡದು, ವಾಹನದಲ್ಲಿ ಪ್ರತ್ಯೇಕವಾದ ಭಾಗವಿಲ್ಲದಿದ್ದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಡ್ಯಾಶ್‌ಬೋರ್ಡಿನ ಪುಟ್ಟ ಖಾನೆಯೂ ಆಸನಗಳ ನಡುವಣ ಖಾನೆಯೂ ಪೆಟ್ಟಿಗೆಯೆನಿಸುವುದಿಲ್ಲ.

ಈ ವಾಕ್ಯದಲ್ಲಿ ಕ್ರಿಯಾಪದ ಯಾವುದು? ‘ಸಾಗಿಸು’. ‘ಧರಿಸು’ ಅಲ್ಲ. ನಮ್ಮ ಶಿಷ್ಯನು ಬಾಲ್ಯದಲ್ಲಿ ಧಾತುಗಳನ್ನು ಅಸಡ್ಡೆಮಾಡುತ್ತಿದ್ದನು. ಈಗ ಅವನ ಸ್ವಾತಂತ್ರ್ಯವೆಲ್ಲ ಒಂದು ಧಾತುವಿನ ಮೇಲೆ ನಿಂತಿದೆ. ಕಾನೂನು ಪಿಸ್ತೂಲನ್ನು ಅವನ ಲಾರಿಯಲ್ಲಿನ ಇನ್ನೊಂದು ಸರಕೆಂದು ಎಣಿಸುತ್ತದೆ. ಬಟ್ಟೆಯ ಬೇಲು, ಹಿಟ್ಟಿನ ಮೂಟೆ, ಹಾಗೆಯೇ ಬೀಗದೊಳಗಿನ ಪಿಸ್ತೂಲು. ಲಾರಿಯ ಮುಂಭಾಗದಲ್ಲಿ ಕಾರಿಗಿರುವಂಥ ಡಿಕ್ಕಿಯಿಲ್ಲವಾದ್ದರಿಂದ ಪೆಟ್ಟಿಗೆಯೇ ಗತಿ. ರಾತ್ರಿ ಎರಡು ಗಂಟೆಗೆ ಬಾಗಿಲಿನ ಹಿಡಿ ಅಲ್ಲಾಡಿದಾಗ ಬೀಗದಕೈ ಹುಡುಕಿ, ಪೆಟ್ಟಿಗೆ ತೆರೆದು, ಬೇರೆಡೆಯಲ್ಲಿಟ್ಟ ತೋಟಾಗಳನ್ನು ತಂದು ತುಂಬುವಷ್ಟರಲ್ಲಿ ಏನು ಆಗಬೇಕೋ ಅದು ಆಗಿಹೋಗಿರುತ್ತದೆ. ಅವನು ಯಾವ ಗಳಿಗೆಗಾಗಿ ಪಿಸ್ತೂಲನ್ನು ಬಯಸಿದನೋ ಆ ಗಳಿಗೆಗೆ ಈ ಅಭಯ ಒದಗುವುದಿಲ್ಲ.

‘ಸ್ಥಳದಿಂದ ಸ್ಥಳಕ್ಕೆ’ ಎಂಬ ಮಾತಿನಲ್ಲಿ ಇನ್ನೊಂದು ಗಂಟಿದೆ. ಹೊರಟ ಊರಿನಲ್ಲಿಯೂ ಸೇರುವ ಊರಿನಲ್ಲಿಯೂ ಪಿಸ್ತೂಲು ಹೊರುವುದು ಅವನಿಗೆ ನ್ಯಾಯವಾಗಿರಬೇಕು. ನ್ಯೂ ಜೆರ್ಸಿಯನ್ನು ಹಾದುಹೋಗುವವನಿಗೆ ಈ ಅಭಯ. ನ್ಯೂ ಜೆರ್ಸಿಯಲ್ಲಿಯೇ ಸರಕು ಇಳಿಸುವವನಿಗೆ, ಅಲ್ಲಿನ ಪರವಾನಗಿಯಿಲ್ಲದಿದ್ದರೆ, ಇದು ಆಸರೆಯಲ್ಲ. ಲಾರಿಯವನಾದರೋ ಎಲ್ಲಿಗೆ ಹೋಗು ಎಂದರೆ ಅಲ್ಲಿಗೆ ಹೋಗುವವನು.

ಇದಕ್ಕಿಂತ ನಮ್ಮನ್ನು ಹೆಚ್ಚಾಗಿ ಕಾಡಿದುದು ನಿದ್ರೆಯ ಪ್ರಶ್ನೆ. ಹತ್ತು ಗಂಟೆ ಮಲಗಲೇಬೇಕೆಂದು ಒಕ್ಕೂಟದ ಒಂದು ನಿಯಮ ಕಟ್ಟಪ್ಪಣೆಮಾಡುತ್ತದೆ. ಮಲಗಿದ ಹೊತ್ತು ‘ಸಾಗಿಸುವಿಕೆ’ಯಲ್ಲಿ ಸೇರಿತೆ ಎಂಬುದಕ್ಕೆ ಒಕ್ಕೂಟದ ಇನ್ನೊಂದು ಕಾನೂನು ಬಾಯಿ ಬಿಡುವುದಿಲ್ಲ. ಯೂಟಾ ಸಂಸ್ಥಾನದ ಒಬ್ಬ ಗೃಹಸ್ಥನ ಕಥೆಯನ್ನು ಕೇಳಿರಿ. ಅವನು ಲಾರಿಯವನಲ್ಲ, ವಿಮಾನದ ಪ್ರಯಾಣಿಕ. ೨೦೦೫ರಲ್ಲಿ ಪಿಸ್ತೂಲನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ವಿಮಾನದವರಿಗೆ ತಿಳಿಸಿ, ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದನು. ನ್ಯೂ ಜೆರ್ಸಿಯ ನ್ಯೂಆರ್ಕಿನಲ್ಲಿ ಮುಂದಿನ ವಿಮಾನ ತಪ್ಪಿತು. ಸಾಮಾನನ್ನು ಅವನ ಕೈಗೆ ಕೊಟ್ಟರು. ರಾತ್ರಿ ಹೋಟೆಲಿನಲ್ಲಿ ಮಲಗಿ, ಮರುದಿನ ವಿಮಾನನಿಲ್ದಾಣಕ್ಕೆ ಬಂದು, ಪೆಟ್ಟಿಗೆಯಲ್ಲಿ ಪಿಸ್ತೂಲಿದೆಯೆಂದು ತಾನಾಗಿಯೇ ಹೇಳಿದನು. ಅಲ್ಲಿಯೇ ಬಂಧಿಸಿದರು; ಕೆಲವು ದಿನ ಸೆರೆಯಲ್ಲಿದ್ದನು. ಮೊಕದ್ದಮೆಯನ್ನು ಆಮೇಲೆ ಕೈಬಿಟ್ಟರು. ತನ್ನನ್ನು ಬಂಧಿಸಿದುದು ಅನ್ಯಾಯವೆಂದು ಅವನು ದಾವಾ ಹೂಡಿದಾಗ, ಒಕ್ಕೂಟದ ಮೇಲ್ಮನವಿಯ ನ್ಯಾಯಾಲಯವು ೨೦೧೦ರಲ್ಲಿ ಅವನಿಗೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ಆ ರಾತ್ರಿ ಪೆಟ್ಟಿಗೆ ಅವನ ಕೈಗೆ ಎಟುಕುತ್ತಿತ್ತು, ಆದಕಾರಣ ಕಾನೂನಿನ ಆಸರೆ ಇಲ್ಲ ಎಂಬುದು ನಿರ್ಣಯ. ಇಂಥ ಪ್ರಯಾಣಿಕರು ಇಕ್ಕಟ್ಟಿಗೆ ಸಿಲುಕುವರೆಂಬುದನ್ನು ನ್ಯಾಯಾಧೀಶರೂ ಒಪ್ಪಿದರು. ಒಪ್ಪಿ ಏನು ಫಲ! ಒಂದು ರಾತ್ರಿ ತಂಗಿದವನ ಗತಿ ಇದಾದರೆ, ಪ್ರತಿರಾತ್ರಿಯೂ ತಂಗಲೇಬೇಕಾದ ಲಾರಿಯವನ ಮಾತೇನು?

ಈಗ ಒಂದು ಹೆದ್ದಾರಿಯನ್ನು ಹಿಡಿದು ಹೋಗೋಣ. ಎಂಬತ್ತನೆಯ ಅಂತರ್‌ಸಂಸ್ಥಾನ ಹೆದ್ದಾರಿಯು ಪೂರ್ವದಲ್ಲಿ ನ್ಯೂ ಜೆರ್ಸಿಯ ಟೀನೆಕ್‌ನಿಂದ ಪಶ್ಚಿಮದಲ್ಲಿ ಸಾನ್ ಫ್ರಾನ್ಸಿಸ್ಕೋವರೆಗೆ ಸುಮಾರು ೨೯೦೦ ಮೈಲಿ. ದಾರಿಯಲ್ಲಿ ಹನ್ನೊಂದು ಸಂಸ್ಥಾನಗಳು. ನಮ್ಮ ಶಿಷ್ಯನ ಮನೆ ಇಂಡಿಯಾನಾದಲ್ಲಿ, ದಾರಿಯ ನಡುವೆ. ಅಲ್ಲಿ ೨೦೨೨ರ ಜುಲೈಯಿಂದ ಪರವಾನಗಿಯೇ ಬೇಡ. ಕೇಳಿದವರಿಗೆ ಕೊಡುವ ಪದ್ಧತಿಯನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಪಶ್ಚಿಮಕ್ಕೆ ಹೊರಟರೆ ಮೊದಲು ಸಿಕ್ಕುವುದು ಇಲಿನಾಯ್. ಪಿಸ್ತೂಲು ಮರೆಸಿಟ್ಟುಕೊಂಡು ತಿರುಗುವುದಕ್ಕೆ ೨೦೧೩ರವರೆಗೆ ದಾರಿಯನ್ನೇ ಕೊಡದಿದ್ದ ಸಂಸ್ಥಾನ ಅದು. ಅದೂ ನ್ಯಾಯಾಲಯದ ಬಲವಂತಕ್ಕೆ ಕೊಟ್ಟದ್ದು. ಇತರ ಸಂಸ್ಥಾನಗಳ ಪರವಾನಗಿಯನ್ನು ಅದು ಮನ್ನಿಸುವುದಿಲ್ಲ. ಆದರೆ ತನ್ನ ಸಂಸ್ಥಾನದ ಪರವಾನಗಿಯಿರುವ ಪರಸ್ಥಳದವನು ಪಿಸ್ತೂಲನ್ನು ವಾಹನದೊಳಗೆ ಇಟ್ಟುಕೊಂಡು ಹೋಗಬಹುದೆಂದು ಕನಿಕರಿಸಿದೆ. ಸೊಂಟದಲ್ಲಿಟ್ಟುಕೊಂಡು ಚಹಾ ಕುಡಿಯಲು ಕೆಳಗಿಳಿದರೆ ಅಪರಾಧ. ಬೇಡವಾದ ಪರವಾನಗಿಯನ್ನೂ ಇಂಡಿಯಾನಾದವರು ಕೇಳಿ ಪಡೆಯುವುದು ಇದಕ್ಕೇ ಎಂದು ಕಾಣುತ್ತದೆ. ಮುಂದೆ ಅಯೋವಾ, ನೆಬ್ರಾಸ್ಕಾ, ವಯೋಮಿಂಗ್, ಯೂಟಾ ಎಲ್ಲವೂ ಸಡಿಲ. ಸಡಿಲವೆಂದ ಮಾತ್ರಕ್ಕೆ ನಿಯಮವಿಲ್ಲದಿಲ್ಲ. ನೆಬ್ರಾಸ್ಕಾದಲ್ಲಿ ಪೋಲೀಸಿನವನು ನಿಲ್ಲಿಸಿ ಮಾತಾಡಿಸಿದೊಡನೆಯೇ ಪಿಸ್ತೂಲಿದೆಯೆಂದು ತಾನಾಗಿ ಹೇಳಬೇಕು, ಓಹಾಯೋದಲ್ಲಿ ಅವನು ಕೇಳಿದರೆ ಹೇಳಬೇಕು. ನೆವಾಡಾದಲ್ಲಿ ಮೈಮೇಲೆ ಮರೆಸಿಟ್ಟುಕೊಳ್ಳುವುದಕ್ಕೆ ಪರವಾನಗಿ. ಕ್ಯಾಲಿಫೋರ್ನಿಯಾದ ಗಡಿ ಬಂದೊಡನೆ ಬೇರೆಯವರ ಪರವಾನಗಿಯೆಲ್ಲ ಬರಿಯ ಕಾಗದ. ತೋಟಾ ತೆಗೆದು ಬೀಗದೊಳಗೆ ಇಡಬೇಕು. ಹತ್ತು ತೋಟಾಗಳಿಗಿಂತ ಹೆಚ್ಚು ಹಿಡಿಯುವ ಮ್ಯಾಗಜೀನನ್ನು ಆ ಸಂಸ್ಥಾನದೊಳಕ್ಕೆ ತರುವುದೂ ನಿಷಿದ್ಧ.

ಪೂರ್ವಕ್ಕೆ ಹೊರಟರೆ ಓಹಾಯೋ, ಪೆನ್ಸಿಲ್ವೇನಿಯಾ, ಕೊನೆಗೆ ನ್ಯೂ ಜೆರ್ಸಿ. ಈ ಕೊನೆಯದರ ಹೆಸರು ಹೇಳಿದರೆ ಡ್ರೈವರರು ದನಿ ತಗ್ಗಿಸುತ್ತಾರಂತೆ. ಅಲ್ಲಿಯ ಪರವಾನಗಿಯಿಲ್ಲದೆ ಪಿಸ್ತೂಲು ಹೊಂದಿದವನಿಗೆ ಐದರಿಂದ ಹತ್ತು ವರ್ಷಗಳ ಸಜಾ. ಅದರಲ್ಲಿ ಮೂರೂವರೆ ವರ್ಷ ಬಿಡುಗಡೆಯ ಮಾತೇ ಇಲ್ಲ. ೨೦೧೩ರಲ್ಲಿ ಪೆನ್ಸಿಲ್ವೇನಿಯಾದ ಒಬ್ಬ ಹೆಂಗಸು, ಎರಡು ಮಕ್ಕಳ ತಾಯಿ, ತನ್ನ ಸಂಸ್ಥಾನದ ಪರವಾನಗಿಯಿಂದ ಕೊಂಡ ಪಿಸ್ತೂಲಿನೊಡನೆ ಆ ಗಡಿಯನ್ನು ದಾಟಿದಳು. ಸಣ್ಣ ಸಂಚಾರದ ತಪ್ಪಿಗೆ ಪೋಲೀಸಿನವರು ನಿಲ್ಲಿಸಿದಾಗ ಪಿಸ್ತೂಲಿರುವುದನ್ನು ಅವಳೇ ಹೇಳಿದಳು. ತನ್ನ ಪರವಾನಗಿ ಇಲ್ಲಿಯೂ ಸಲ್ಲುತ್ತದೆಂದು ಅವಳು ನಂಬಿದ್ದಳು. ಆ ಮೂರೂವರೆ ವರ್ಷ ಅವಳ ತಲೆಯ ಮೇಲೆ ತೂಗಿತು. ದೇಶದಲ್ಲೆಲ್ಲ ಕೂಗೆದ್ದು, ೨೦೧೪ರಲ್ಲಿ ಇಂಥ ಪರಸ್ಥಳದವರ ವಿಷಯದಲ್ಲಿ ಮೃದುವಾಗಿರಬೇಕೆಂದು ಸರ್ಕಾರಿ ವಕೀಲರಿಗೆ ಸೂಚನೆ ಹೋಯಿತು. ೨೦೧೫ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿಯವರು ಕ್ಷಮಾದಾನ ಮಾಡಿದರು. ಕೊನೆಗೆ ಅವಳು ಪಾರಾದಳು. ಆದರೆ ಪಾರಾದುದು ಹಕ್ಕಿನಿಂದಲ್ಲ, ಕೃಪೆಯಿಂದ. ಕೃಪೆಯನ್ನು ನಂಬಿಕೊಂಡು ಲಾರಿ ಹತ್ತು ಎಂದು ನಾವು ಯಾರ ಮಗನಿಗೆ ತಾನೆ ಹೇಳಬಲ್ಲೆವು?

ಇಷ್ಟೇ ಅಲ್ಲ. ಶಾಲೆಯಿಂದ ಸಾವಿರ ಅಡಿಗಳೊಳಗೆ ತೋಟಾ ತುಂಬಿದ ಪಿಸ್ತೂಲನ್ನು ಒಯ್ಯುವುದನ್ನು ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಆ ಶಾಲೆಯಿರುವ ಸಂಸ್ಥಾನವೇ ಕೊಟ್ಟ ಪರವಾನಗಿಯಿದ್ದವನ ಮೇಲೆ ಈ ನಿಷೇಧವಿಲ್ಲ. ಪರವಾನಗಿ ಬೇಡವೆಂದ ಸಂಸ್ಥಾನದಲ್ಲಿ ಪರವಾನಗಿಯಿಲ್ಲದೆ ಹೋಗುವವನು ಪ್ರತಿ ಊರಿನ ಶಾಲೆಯ ಮುಂದೆಯೂ ತಪ್ಪಿತಸ್ಥನಾಗುವ ವಿಚಿತ್ರವಿದು. ನಲವತ್ತು ವರ್ಷ ಶಾಲೆಯ ಗಂಟೆ ಕೇಳಿದ ನಮಗೆ ಈ ನಿಷೇಧದಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಲಾರಿಯವನು ಶಾಲೆ ಎಲ್ಲಿದೆಯೆಂದು ಹೇಗೆ ಬಲ್ಲನು? ಉತ್ತರದ ಕೆನಡಾದ ಗಡಿಯನ್ನು ದಾಟುವ ಸರಕು ಬಂದರಂತೂ ಪಿಸ್ತೂಲನ್ನು ಮನೆಯಲ್ಲಿಯೇ ಬಿಟ್ಟು ಹೊರಡಬೇಕು.

ನಮ್ಮವರು ವಿಶೇಷವಾಗಿ ಗಮನಿಸಬೇಕಾದ ವಿಷಯ ಇನ್ನೊಂದು. ತಾತ್ಕಾಲಿಕ ವೀಸಾದ ಮೇಲೆ ಆ ದೇಶದಲ್ಲಿರುವ ಪರದೇಶಿಯು, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿಗಳು ಹೊರತು, ಆಯುಧವನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದೇ ಒಕ್ಕೂಟದ ಅಪರಾಧ. ೨೦೨೨ರಿಂದ ಅದಕ್ಕೆ ಹದಿನೈದು ವರ್ಷಗಳವರೆಗೂ ಸಜಾ ಆಗಬಹುದು. ಅನುಮತಿಯಿಲ್ಲದೆ ನೆಲೆಸಿರುವವನಿಗೂ ಹಾಗೆಯೇ. ಖಾಯಂ ನಿವಾಸದ ಚೀಟಿಯಿದ್ದವನಿಗೆ ಈ ತಡೆಯಿಲ್ಲ. ನಮ್ಮ ಶಿಷ್ಯನಿಗೆ ಆ ಚೀಟಿ ಹೆಂಡತಿಯ ಕಡೆಯಿಂದ ಬಂದಿದೆ. ಆದರೂ ಆಯುಧದ ಅಪರಾಧವೊಂದು ತಲೆಗೆ ಸುತ್ತಿಕೊಂಡರೆ ಆ ಚೀಟಿಗೇ ಸಂಚಕಾರ ಬರಬಹುದು. ಆ ದೇಶದಲ್ಲಿ ಹುಟ್ಟಿದವನು ಸೆರೆಮನೆಯಿಂದ ಮನೆಗೆ ಬರುತ್ತಾನೆ. ಹೊರಗಿನಿಂದ ಹೋದವನಿಗೆ ಮನೆಯೇ ಹೋಗಬಹುದು.

ಒಂದು ಸಂಸ್ಥಾನದ ಪರವಾನಗಿಯನ್ನು ಎಲ್ಲವೂ ಮನ್ನಿಸಬೇಕೆಂಬ ಮಸೂದೆಯು ೨೦೧೭ರ ಡಿಸೆಂಬರಿನಲ್ಲಿ ಅಲ್ಲಿಯ ಕೆಳಮನೆಯಲ್ಲಿ ಅಂಗೀಕೃತವಾಯಿತು, ಮೇಲ್ಮನೆಯಲ್ಲಿ ಆಗಲಿಲ್ಲ. ಅದು ಆಗಬೇಕೆನ್ನುವವರೂ ಆಗಕೂಡದೆನ್ನುವವರೂ ಹೇಳುವುದನ್ನು ನಾವು ಓದಿದೆವು. ಗನ್ನು ಹೆಚ್ಚಾದರೆ ಕೊಲೆ ಹೆಚ್ಚೆಂದು ಭಾವಿಸುವ ಸಂಸ್ಥಾನವು ತನ್ನ ಬೀದಿಗಳ ನಿಯಮವನ್ನು ನೆರೆಯವನ ಕೈಗೆ ಯಾಕೆ ಕೊಡಬೇಕು? ದಿನಕ್ಕೆ ಮೂರು ಗಡಿ ದಾಟುವ ದುಡಿಮೆಗಾರನು ಮೂರು ನೀತಿಗಳನ್ನು ಹೇಗೆ ನೆನಪಿಟ್ಟುಕೊಂಡಾನು? ಎರಡರಲ್ಲಿಯೂ ಹುರುಳಿದೆ. ಇದನ್ನು ಅವರೇ ತೀರ್ಮಾನಿಸಿಕೊಳ್ಳಲಿ. ನಮಗೆ ಕಂಡ ಲೋಪ ಬೇರೆ. ಕೌಟಿಲ್ಯನ ಅಂತಪಾಲನು ಆಯುಧವನ್ನು ತೆಗೆದಿಟ್ಟುಕೊಂಡಮೇಲೆ ದಾರಿಯ ನಷ್ಟಕ್ಕೆ ತಾನು ಹೊಣೆಯಾಗುತ್ತಿದ್ದನು. ಇಲ್ಲಿ ತೆಗೆದಿಟ್ಟುಕೊಳ್ಳುವವರು ಹನ್ನೊಂದು ಮಂದಿ. ರಾತ್ರಿ ನಿಲ್ಲುವ ಜಾಗಕ್ಕೆ ಹೊಣೆಯಾಗುವವನು ಯಾರು?

ಶಿಷ್ಯನಿಗೆ ಟೆಲಿಫೋನಿನಲ್ಲಿ ಇದನ್ನೆಲ್ಲ ಓದಿಹೇಳಿದೆವು. ಅವನು ನಡುವೆ ತಡೆದು, “ಮೇಷ್ಟ್ರೇ, ಕಂಪೆನಿಯವರು ಕೆಲಸಕ್ಕೆ ಸೇರೋವಾಗ ರುಜು ಹಾಕಿಸ್ಕೊಂಡ ಕಾಗದದಲ್ಲಿ ಏನೋ ಇತ್ತು” ಎಂದನು. “ನೋಡಪ್ಪ, ಈಗಲೇ ತೆಗೆದು ಓದು” ಎಂದೆವು. ಓದಿದನು. ಕಂಪೆನಿಯ ಗಾಡಿಯಲ್ಲಿ ಯಾವ ಬಗೆಯ ಆಯುಧವೂ ಇರಕೂಡದು, ಇದ್ದರೆ ಕೆಲಸದಿಂದ ವಜಾ ಎಂದು ನಾಲ್ಕನೆಯ ಪುಟದಲ್ಲಿತ್ತು. ದೊಡ್ಡ ಕಂಪೆನಿಗಳಲ್ಲಿ ಇದು ಸಾಮಾನ್ಯವಂತೆ. ಒಂದು ತಿಂಗಳು ನಾವು ಶಾಸನಗಳಲ್ಲಿ ಹುಡುಕಿದ ಉತ್ತರ ಅವನ ಪೆಟ್ಟಿಗೆಯ ಅಡಿಯಲ್ಲಿಯೇ ಇತ್ತೆಂದು ನಮ್ಮ ಮೊಮ್ಮಗಳು ಇನ್ನೂ ನಗುತ್ತಾಳೆ. ಆದರೆ ಅವನು ಬರುವ ವರ್ಷ ಸ್ವಂತ ಲಾರಿ ಕೊಳ್ಳುವ ಯೋಚನೆಯಲ್ಲಿದ್ದಾನೆ. ಆಗ ಆ ಕಾಗದ ಅಡ್ಡಬರುವುದಿಲ್ಲ. ಹನ್ನೊಂದು ಸಂಸ್ಥಾನಗಳು ಬರುತ್ತವೆ. ಆಗ ಕೊಳ್ಳುವುದೇ ಆದರೆ ಇಂಡಿಯಾನಾದ ವಕೀಲರೊಬ್ಬರನ್ನು ಕೇಳದೆ ಕೊಳ್ಳಕೂಡದೆಂದು ಮಾತು ತೆಗೆದುಕೊಂಡಿದ್ದೇವೆ.

ತಾಯಿ ಮತ್ತೆ ಜಗುಲಿಗೆ ಬಂದರು. ನಾವು ಕಾನೂನು, ಗಡಿ, ಪೆಟ್ಟಿಗೆ, ಬೀಗ ಎಂದು ವಿವರಿಸತೊಡಗಿದೆವು. ಅವರು ಸ್ವಲ್ಪ ಹೊತ್ತು ಕೇಳಿ, “ಅದೆಲ್ಲ ಇರಲಿ ಮೇಷ್ಟ್ರೇ, ರಾತ್ರಿ ಗಾಡಿ ನಿಲ್ಲಿಸೋಕೆ ಒಳ್ಳೇ ಜಾಗ ಸಿಗುತ್ತೋ ಇಲ್ವೋ, ಅದನ್ನ ಹೇಳಿ” ಎಂದರು. ಅದಕ್ಕೆ ಅವನು ತಾನೇ ಒಂದು ಏರ್ಪಾಡು ಮಾಡಿಕೊಂಡಿದ್ದಾನೆ. ಗಂಟೆ ಮಿಕ್ಕಿರುವಾಗಲೇ, ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ, ತಂಗುದಾಣದಲ್ಲಿ ಜಾಗ ಹಿಡಿದು ನಿಂತುಬಿಡುತ್ತಾನೆ. ದುಡ್ಡು ಕೊಟ್ಟು ಮೊದಲೇ ಜಾಗ ಕಾದಿರಿಸುವ ಕಡೆ ದುಡ್ಡು ಕೊಡುತ್ತಾನೆ. ದಿನಕ್ಕೆ ಅಷ್ಟು ಮೈಲಿಯ ಕೂಲಿ ಖೋತಾ. ಮಲಗುವ ಮುಂಚೆ ತಾಯಿಗೆ, ನಿಲ್ಲಿಸಿದ ಜಾಗದ ಹೆಸರಿನೊಡನೆ, ಒಂದು ಸಾಲು ಬರೆದು ಕಳುಹಿಸುತ್ತಾನೆ. ಬೇಸಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತಾದಾಗ ಇಲ್ಲಿ ಬೆಳಗಿನ ಆರೂವರೆ. ಆ ಸಾಲು ಬಂದ ಮೇಲೆಯೇ ಆ ಮನೆಯಲ್ಲಿ ಕಾಫಿ ಸೋಸುವುದು. ಮೊನ್ನೆ ಏಳೂಕಾಲಾದರೂ ಬಂದಿರಲಿಲ್ಲ; ಡಿಕಾಕ್ಷನ್ ಆರಿಹೋಗಿತ್ತು. ನಾವೂ ಹೋಗಿ ಅವರ ಜಗುಲಿಯ ಮೇಲೆ ಕುಳಿತಿದ್ದೆವು. ಏಳೂವರೆಗೆ ಬಂತು.